ಹನಿ ನಿಲ್ಲದ ಗಾಜು

ಹೈದರಾಬಾದಿನ ಸನತ್‌ನಗರದಲ್ಲಿ ಔಷಧಿ ಕಾರ್ಖಾನೆಯ ಗೋಡೆಗೆ ಅಂಟಿಕೊಂಡ ಶೆಡ್ಡೊಂದರಲ್ಲಿ ದಾನೇಶ್ವರಿ ಒಂಬತ್ತು ವರ್ಷ ಕೆಲಸ ಮಾಡಿದರು. ಅದೊಂದು ಸಣ್ಣ ಪ್ರಯೋಗಾಲಯ. ಗಾಜಿನ ಪಾತ್ರೆಗಳನ್ನು ಆಮ್ಲದಲ್ಲಿ ನೆನೆಸಿ, ಶುದ್ಧ ನೀರಿನಲ್ಲಿ ಆರು ಸಲ ಕುದಿಸಿ, ಬೆಳಕಿಗೆ ಹಿಡಿಯುವುದು ಅವರ ಕೆಲಸ. ನೀರು ಹನಿಗಟ್ಟಿ ನಿಂತರೆ ಜಿಡ್ಡಿದೆ ಎಂದರ್ಥ. ತೆಳ್ಳಗೆ ಒಂದೇ ಪದರವಾಗಿ ಜಾರಿದರೆ ಗಾಜು ಶುದ್ಧ.

ಅದೇ ಊರಿನ ಮಾದಾಪುರದಲ್ಲಿ ಐಟಿ ಕಟ್ಟಡಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ ಅದು. ಕರೆಂಟ್ ಹೋದಾಗ ಅಲ್ಲಿನ ಕಂಪ್ಯೂಟರ್‌ಗಳನ್ನು ಹೈಡ್ರೋಜನ್ ಮತ್ತು ಆಮ್ಲಜನಕದಿಂದ ನಡೆಯುವ ಫ್ಯುಯೆಲ್ ಸೆಲ್ ಕಾಯಬೇಕೆಂಬುದು ಪ್ರಯೋಗಾಲಯದ ಯಜಮಾನ, ರಾಯಚೂರಿನ ಡಾ. ಜನಾರ್ದನ ಅವರ ಆಸೆ. ಆ ಸೆಲ್ಲಿನಲ್ಲಿ ಆಮ್ಲಜನಕದ ಬದಿಗೆ ನಡೆಯುವ ಕ್ರಿಯೆ ಬಲು ನಿಧಾನ. ಅದನ್ನು ಚುರುಕುಗೊಳಿಸಲು ಪ್ಲಾಟಿನಂ ಬೇಕು, ಅದು ದುಬಾರಿ. ಕೋಬಾಲ್ಟ್ ಮತ್ತು ಮ್ಯಾಂಗನೀಸ್ ಆಕ್ಸೈಡಿನ ನ್ಯಾನೊ ಕಣಗಳ ಕರಿ ಪುಡಿಯೊಂದನ್ನು ಜನಾರ್ದನ ಮಾಡಿದ್ದರು. ಪ್ಲಾಟಿನಂ ಮಾಡುವ ಕೆಲಸವನ್ನು ಅದೇ ಮಾಡುತ್ತದೆ ಎನ್ನುತ್ತಿದ್ದರು.

೨೦೦೪ರಲ್ಲಿ ಐದು ಮಂದಿ ತಜ್ಞರು ನೋಡಲು ಬಂದರು. ಪುಡಿ ಲೇಪಿಸಿದ ಎಲೆಕ್ಟ್ರೋಡಿನ ಎದುರು ಇನ್ನೊಂದು ಎಲೆಕ್ಟ್ರೋಡಾಗಿ ಪ್ಲಾಟಿನಂ ತಂತಿ ಇರುತ್ತಿತ್ತು. ಅದು ಎರಡು ದಿನ ಮೊದಲು ತುಂಡಾಗಿತ್ತು. ಜನಾರ್ದನ ಅವರನ್ನು ಕೇಳಿಯೇ ದಾನೇಶ್ವರಿ ಗ್ರಾಫೈಟ್ ಕಡ್ಡಿ ಹಾಕಿದ್ದರು. ಕಂಪ್ಯೂಟರಿನ ಪರದೆಯ ಮೇಲೆ ಕರೆಂಟ್ ತೋರಿಸುವ ಗೆರೆ ಏಳಲೇ ಇಲ್ಲ.

"ಗಾಜು ಹೊಲಸೈತಿ," ಎಂದರು ಜನಾರ್ದನ, ದಾನೇಶ್ವರಿಯ ಕಡೆ ಕೈ ತೋರಿಸಿ. "ಇವರವ್ವ ಮಂದಿ ಮನಿ ಮುಸುರಿ ತಿಕ್ಕಾಕಿ. ಮಗಳ ಕೈಗೂ ಅದ ರೂಢಿ."

ತಜ್ಞರು ನಕ್ಕರು. ತಾಯಿ ಬಂಡೆಮ್ಮ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಬೆನ್ನು ನೋವು ಹಿಡಿದ ಮೇಲೆ ಮಾದಾಪುರದ ಫ್ಲಾಟುಗಳಲ್ಲಿ ಪಾತ್ರೆ ತೊಳೆಯುತ್ತಿದ್ದುದು ನಿಜ. ಗಾಜು ಹೊಲಸಾಗಿದ್ದುದು ನಿಜವಲ್ಲ. ಮರುದಿನದಿಂದ ದಾನೇಶ್ವರಿಗೆ ಉಗ್ರಾಣದ ಕೆಲಸ.

ಹೊಸ ತಂತಿ ಬಂತು. ಗೆರೆ ಮತ್ತೆ ಎದ್ದಿತು. ಬೇರೆಯವರು ತೊಳೆದ ಗಾಜಿನಲ್ಲಿ ಹನಿ ನಿಂತಿದ್ದರೂ ಎದ್ದಿತು. ಓಡಿಸಿದಷ್ಟೂ ಆ ಪುಡಿ ಸವೆಯುವ ಬದಲು ಚುರುಕಾಗುತ್ತಿತ್ತು. ದಾನೇಶ್ವರಿಗೆ ಅದು ವಿಚಿತ್ರವಾಗಿ ಕಂಡಿತು. ಒಂದು ಭಾನುವಾರ ಒಬ್ಬರೇ ಬಂದು ಒಂದೇ ಪುಡಿಯನ್ನು ಕಡ್ಡಿ ಹಾಕಿ ಒಮ್ಮೆ, ತಂತಿ ಹಾಕಿ ಒಮ್ಮೆ ಓಡಿಸಿದರು. ಕಡ್ಡಿ ಹಾಕಿದಾಗ ಗೆರೆ ಏಳಲಿಲ್ಲ, ತಂತಿ ಹಾಕಿದಾಗ ಎದ್ದಿತು. ಕಾರಣ ತಿಳಿಯಿತು. ತಂತಿ ಕೂದಲೆಳೆಯಷ್ಟು ಕರಗಿ, ಆ ಪ್ಲಾಟಿನಂ ಪುಡಿಯ ಮೇಲೆ ಹೋಗಿ ಕೂರುತ್ತಿತ್ತು.

ಅಂದೇ ಹೇಳಬಹುದಿತ್ತು. ಹೇಳಲಿಲ್ಲ. ಮಂದಿಯ ಮುಂದೆ ಆಡಿದ ಮಾತನ್ನು ಮಂದಿಯ ಮುಂದೆಯೇ ನುಂಗಿಸಬೇಕಿತ್ತು. ಅದಕ್ಕೆ ಎರಡು ವರ್ಷ ಕಾದರು.

೨೦೦೬ರ ಡಿಸೆಂಬರಿನಲ್ಲಿ ಮಾದಾಪುರದ ಕಂಪನಿಯೊಂದರಿಂದ ಪೂರ್ವಿ ಎಂಬ ಮೈಸೂರಿನ ಎಂಜಿನಿಯರ್ ನಾಲ್ವರು ಸಹೋದ್ಯೋಗಿಗಳೊಂದಿಗೆ ಪುಡಿಯ ಪ್ರಯೋಗ ನೋಡಲು ಬಂದರು. ಗಾಜು ತೊಳೆಯುವವರು ರಜೆಯಲ್ಲಿದ್ದರು. ಜನಾರ್ದನ ದಾನೇಶ್ವರಿಯನ್ನೇ ಕರೆಸಿದರು.

ದಾನೇಶ್ವರಿ ಪಾತ್ರೆಯನ್ನು ಪೂರ್ವಿಯ ಕಡೆ ಚಾಚಿದರು. "ಕಡೀ ನೀರು ನೀವ ಹಾಕ್ರಿ ಮೇಡಂ."

"ನಾನಾ? ಮನೇಲಿ ಲೋಟಾನೂ ತೊಳೆಯಲ್ಲ ಕಣ್ರೀ!"

"ಯಾಕ, ನಿನ್ನ ಕೈ ಮ್ಯಾಲ ನಿನಗ ನಂಬಿಕಿ ಇಲ್ಲೇನು?" ಎಂದು ಜನಾರ್ದನ ನಕ್ಕರು.

"ನಿಮಗ ಇಲ್ಲಲ್ರಿ ಸಾರ್."

ಪೂರ್ವಿ ತೊಳೆದರು. ನೀರು ಒಂದೇ ಪದರವಾಗಿ ಜಾರಿತು. "ಇದಕ್ಕಿಂತ ಚೊಕ್ಕ ಗಾಜು ಹೈದರಾಬಾದಿನಾಗ ಇಲ್ಲ," ಎಂದು ಜನಾರ್ದನ ಎಲ್ಲರೆದುರು ಹೇಳಿದರು. ದಾನೇಶ್ವರಿ ಗ್ರಾಫೈಟ್ ಕಡ್ಡಿ ಎತ್ತಿಕೊಂಡು, "ಇದನ್ನ ಹಾಕ್ಲಿ ಸಾರ್?" ಎಂದರು.

"ಹಾಕು. ಯಾವುದಾದರೇನು, ಎರಡೂ ಕರೆಂಟ್ ಹೊರೋವ."

ಗೆರೆ ಏಳಲಿಲ್ಲ. ಜನಾರ್ದನ ಗಾಜಿನ ಕಡೆ ನೋಡಿದರು, ಬಾಯಿ ತೆರೆದರು, ಪೂರ್ವಿಯನ್ನು ಕಂಡು ಮುಚ್ಚಿದರು. ದಾನೇಶ್ವರಿ ಕಡ್ಡಿ ತೆಗೆದು ತಂತಿ ಹಾಕಿದರು. ಒಂದು ಗಂಟೆಯಲ್ಲಿ ಗೆರೆ ಮೇಲೇರುತ್ತಾ ಬಂತು.

"ಅಂದ್ರೆ ಕೆಲಸ ಮಾಡ್ತಿರೋದು ನಿಮ್ಮ ಪುಡಿ ಅಲ್ಲ," ಎಂದರು ಪೂರ್ವಿ ನಿಧಾನವಾಗಿ. "ಈ ತಂತಿಯ ಪ್ಲಾಟಿನಂ."

ಜನಾರ್ದನ ಕುರ್ಚಿ ಹುಡುಕಿ ಕುಳಿತರು. "ನನಗ ಒಂದ ಮಾತು ಮೊದಲ ಹೇಳಬಾರದಿತ್ತೇನವ್ವಾ?"

"ಅವತ್ತ ಐದು ಮಂದಿ ಇದ್ರು. ಇವತ್ತೂ ಐದು ಮಂದಿ ಅದಾರ. ಆಡಿದ ಮಾತು ಹಿಂದ ತಗೋರಿ."

"ಗಾಜು ಅವತ್ತೂ ಚೊಕ್ಕ ಇತ್ತು."

"ನಮ್ಮವ್ವನ ಮಾತು ರೀ."

ಜನಾರ್ದನ ನೆಲ ನೋಡುತ್ತಾ, "ಅದೂ ತಪ್ಪಾತು," ಎಂದರು.

ಆರು ತಿಂಗಳಲ್ಲಿ ಶೆಡ್ಡಿಗೆ ಬೀಗ ಬಿತ್ತು. ದಾನೇಶ್ವರಿಯ ಕೆಲಸವೂ ಹೋಯಿತು. ಬೇರೊಂದು ಪ್ರಯೋಗಾಲಯ ಸಿಗಲು ವರ್ಷ ಹಿಡಿಯಿತು. ಬಂಡೆಮ್ಮನಿಗೆ ಈ ಯಾವುದೂ ಇಂದಿಗೂ ತಿಳಿಯದು.

"ಅವ್ವಗ ಹೇಳಿದ್ರ, 'ಪಾಪ, ದೊಡ್ಡ ಮನಿಷ್ಯಾ' ಅಂತಾಳ," ಎನ್ನುತ್ತಾರೆ ದಾನೇಶ್ವರಿ. "ಆಕಿ ಹಂಗ ಅಂದ್ರ ನನಗೂ ಪಾಪ ಅನಸ್ತೈತಿ. ಅದು ನನಗ ಬ್ಯಾಡ."