ಬೈದರೆ ಏಳುತ್ತಿದ್ದ ಕಾಲು

ನಿಂಗಕ್ಕ ಮೊಳ ಹಾಕುವಾಗ ಸೇವಂತಿಗೆ ಮಾಲೆ ಗಾಳಿಯಿಲ್ಲದೆಯೂ ತೂಗಾಡುತ್ತಿತ್ತು. ಬಲಗೈ ನಡುಕ. "ಹೂವು ನಿಮ್ದು ಕಣ್ರವ್ವ, ಕುಣಿಯಾದು ಪುಕ್ಸಟ್ಟೆ" ಎನ್ನುತ್ತಿದ್ದಳು.

ತೊಂಬತ್ತರ ದಶಕದ ಕೊನೆ. ಹಿರಿಯೂರಿನ ನಮ್ಮ ಓಣಿ. ಕೈಗಿಂತ ಕಾಲಿನದೇ ದೊಡ್ಡ ರಗಳೆ. ಚರಂಡಿಯ ಚಪ್ಪಡಿ ಹತ್ತಿರ ಬಂದರೆ ಹೆಜ್ಜೆ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಬುಟ್ಟಿ ಹೊತ್ತು ಹಾಗೇ ನಿಂತುಬಿಡುವಳು. ಆಗ ಎದುರು ಜಗಲಿಯಲ್ಲಿ ಬೀಡಿ ಸುತ್ತುತ್ತಿದ್ದ ಫಾತಿಮಾಬಿಯ ಕೂಗು: "ಲೇ ನಿಂಗೀ, ದಿಬ್ಬಣಕ್ಕೆ ಕಾಯ್ತಾ ನಿಂತಿದೀಯೇನೇ? ಬಾರೇ!"

"ಬಂದೆ ಕಣೇ, ನಿನ್ ಬಾಯಿಗೆ ಬೀಗ ಹಾಕ!"

ಕಾಲು ತಟ್ಟನೆ ಎದ್ದುಬಿಡುತ್ತಿತ್ತು. ಹಾಗೆ ಒಂದು ಬೈಗುಳದಿಂದ ಇನ್ನೊಂದಕ್ಕೆ ದಾಟುತ್ತ ಓಣಿ ಮುಗಿಸುತ್ತಿದ್ದಳು.

ದುರ್ಗದ ಡಾಕ್ಟರು, ಮಿದುಳಿನಲ್ಲಿ ಡೋಪಮೈನ್ ಎಂಬುದು ಕಡಿಮೆಯಾಗಿದೆ ಎಂದು ಮಾತ್ರೆ ಬರೆದರು. ಅದನ್ನು ನಿಂಗಕ್ಕ ಓಣಿಗೆ ವಿವರಿಸಿದಳು: "ತಲೆಯೊಳಗೆ ಒಂದು ಒರತೆ ಇರ್ತೈತಂತೆ. ನಂದು ಬತ್ತೈತಂತೆ."

"ಬಾಯಿ ಬತ್ತಿಲ್ವಲ್ಲ, ಬಿಡು" ಎಂದಳು ಫಾತಿಮಾಬಿ.

ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡುವವನು ನಾನು. ಆ ಚಪ್ಪಡಿಯ ಮೇಲೆ ನಿಂಗಕ್ಕ ಬಿದ್ದಂತೆ ದಿನಾ ಕಲ್ಪಿಸಿಕೊಂಡು ನಾನೇ ನಡುಗುತ್ತಿದ್ದೆ. ಕೊನೆಗೆ ದುರ್ಗದಲ್ಲಿದ್ದ ಆಕೆಯ ಮಗಳು ರತ್ನಳಿಗೆ ಫೋನು ಮಾಡಿ, "ನಿಮ್ಮ ಹೊಸ ಬಡಾವಣೆಗೆ ಕರ್ಕೊಂಡು ಹೋಗಮ್ಮ, ಅಲ್ಲಿ ಗಲಾಟೆ ಇಲ್ಲ" ಎಂದೆ. ಮಗಳು ಬಂದು ಕರೆದೊಯ್ದಳು. ದೊಡ್ಡ ಉಪಕಾರ ಮಾಡಿದೆನೆಂದು ಆ ವಾರ ಚೆನ್ನಾಗಿ ನಿದ್ದೆ ಮಾಡಿದೆ.

ನಾಲ್ಕು ತಿಂಗಳ ಮೇಲೆ ನೋಡಲು ಹೋದೆ. ಗಲಾಟೆ ನಿಜಕ್ಕೂ ಇರಲಿಲ್ಲ. ಕಾಂಪೌಂಡುಗಳು, ಮುಚ್ಚಿದ ಗೇಟುಗಳು. ಕುರ್ಚಿಯಲ್ಲಿ ಕೂತಿದ್ದ ನಿಂಗಕ್ಕನ ಮುಖದಲ್ಲಿ ಏನೂ ಅಲುಗುತ್ತಿರಲಿಲ್ಲ. "ಮಾತ್ರೆ ಎರಡು ಸಲ ಜಾಸ್ತಿ ಮಾಡಿದ್ರು, ನಡೆಯಾದೇ ಬಿಟ್ಟೈತೆ" ಎಂದಳು ರತ್ನ.

ಹೊರಟಾಗ ನಿಂಗಕ್ಕ ಹಟ ಮಾಡಿ ಎದ್ದು ಗೋಡೆ ಹಿಡಿದು ಬಂದಳು. ಹೊಸ್ತಿಲಲ್ಲಿ ಕಾಲು ಅಂಟಿತು. ನನ್ನ ಮುಖ ನೋಡಿದಳು.

"ಬೈಯೋ ತಮ್ಮಾ."

ಬಾಯಿ ತೆರೆದೆ. ಬಂದದ್ದು, "ನಿಧಾನ ನಿಂಗಕ್ಕ, ಬಿದ್ದೀಯ."

ಕಾಲು ಏಳಲಿಲ್ಲ.

"ಈ ಬೇಸಿಗೆ ಬಿಸಿಲು ತಗ್ಗಲಿ, ಓಣಿಗೆ ಕರ್ಕೊಂಡು ಹೋಗ್ತೀನಿ" ಎಂದು ಹೇಳಿ ಬಂದೆ. ಬಸ್ಸಿನ ಸೆಕೆ ಆಕೆಗೆ ಆಗಲಿಕ್ಕಿಲ್ಲವೆಂಬ ಚಿಂತೆ ನನಗೆ. ಬಿಸಿಲು ತಗ್ಗುವ ಮೊದಲೇ ಆಕೆ ತೀರಿಹೋದ ಸುದ್ದಿ ಬಂತು.

ಜಗಲಿಗೆ ಹೋಗಿ ಫಾತಿಮಾಬಿಗೆ ಎಲ್ಲ ಹೇಳಿದೆ, ಫೋನು ಮಾಡಿದವನು ನಾನೇ ಎಂಬುದನ್ನೂ. ಆಕೆ ಬೀಡಿ ಎಲೆಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ಎಲ್ಲರನ್ನೂ ಬೈಯುವ ಹೆಂಗಸು, ನನ್ನನ್ನು ಒಂದು ಮಾತೂ ಬೈಯಲಿಲ್ಲ.