ಕರೋಶಿ ರಸ್ತೆಯ ರವಿವಾರಗಳು

ನನಗೆ ಚಿಕ್ಕೋಡಿಗೆ ವರ್ಗವಾದದ್ದು ತೊಂಬತ್ತರ ದಶಕದ ನಡುವಿನಲ್ಲಿ. ಅದಕ್ಕೂ ಮೊದಲು ರಾಯಬಾಗ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಎಂಟು ವರ್ಷ ಕಲಿಸಿದ್ದೆ. ಗಂಡ ಚಿಕ್ಕೋಡಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆ ಹಿಡಿದಿದ್ದೆವು. ಶಾಲೆ ಊರ ಆ ತುದಿಗಿತ್ತು. ನಾನು ದಿನಾ ನಡೆದೇ ಹೋಗುತ್ತಿದ್ದೆ, ಅದೂ ಜೋರಾಗಿ. ಹುಟ್ಟಿ ಬೆಳೆದದ್ದು ಜುಗೂಳದಲ್ಲಿ. ಅಪ್ಪ ಅವ್ವ ಮಂದಿಯ ಹೊಲಕ್ಕೆ ಕಬ್ಬು ಕಡಿಯಲು ಹೋಗುತ್ತಿದ್ದರು. ಅವರಿಗೆ ಬುತ್ತಿ ಮುಟ್ಟಿಸಿ, ಹೊಳೆದಂಡೆ ಹಿಡಿದು ಓಡಿದರೆ ಮಾತ್ರ ಶಾಲೆಯ ಗಂಟೆಗೆ ಸರಿಯಾಗುತ್ತಿತ್ತು. ಹೈಸ್ಕೂಲಿನಲ್ಲಿ ಆ ಓಟಕ್ಕೆ ಎರಡು ಬಹುಮಾನ ಬಂದವು. ಮದುವೆಯಾದ ಮೇಲೆ ಓಡುವ ಪ್ರಸಂಗ ಬರಲಿಲ್ಲ.

ನನ್ನ ನಡಿಗೆ ನೋಡಿಯೇ ಡಾಕ್ಟರ್ ವೈನಿ ಒಂದು ದಿನ ದಾರಿಯಲ್ಲಿ ನಿಲ್ಲಿಸಿದರು. ಊರಿನ ಡಾಕ್ಟರೊಬ್ಬರ ಹೆಂಡತಿ ಅವರು, ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುತ್ತಾರೆ, ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಅವರ ಮನೆ ನನ್ನ ಶಾಲೆಯ ದಾರಿಯಲ್ಲಿತ್ತು.

"ಅಕ್ಕೋರ, ನಿಮ್ಮ ಹಿಂದ ಬರಬೇಕಂದ್ರ ಸೈಕಲ್ ಬೇಕ ನೋಡ್ರಿ," ಎಂದು ನಕ್ಕರು. "ನಂಗ ಶುಗರ್ ಐತಿ. ನಡಿ ನಡಿ ಅಂತ ನಮ್ಮ ಯಜಮಾನ್ರು ದಿನಾ ಜೀವ ತಿಂತಾರ. ರವಿವಾರ ಮುಂಜಾನೆ ನಾವು ಆರು ಮಂದಿ ಹೆಣ್ಣಮಕ್ಕಳು ಕರೋಶಿ ರಸ್ತಾ ಹಿಡದು ನಡೀತೇವಿ. ನೀವೂ ಬರ್ರಿ."

ನನಗೆ ಎಷ್ಟು ಖುಷಿಯಾಯಿತೆಂದರೆ, ಅದೇ ವಾರ ನಿಪ್ಪಾಣಿಗೆ ಹೋಗಿ ಬಿಳಿ ಕ್ಯಾನ್ವಾಸ್ ಬೂಟು ತಂದೆ.

ಮುಂಜಾನೆ ಐದೂವರೆಗೆ ಡಾಕ್ಟರರ ಮನೆಯ ಗೇಟಿನ ಮುಂದೆ ಸೇರುತ್ತಿದ್ದೆವು. ಎಲ್ಲರೂ ಸೀರೆಯ ಕೆಳಗೆ ಬೂಟು ಹಾಕಿದವರೇ. ಅವರೆಲ್ಲ ಹೊಲಮನೆ ಇದ್ದ ಮನೆತನದವರು. ಅವರಲ್ಲಿ ಹಿರಿಯರೆಂದರೆ ತೋಟದ ವೈನಿ, ಕರೋಶಿ ರಸ್ತೆಯಲ್ಲಿ ಅವರ ಕಬ್ಬಿನ ತೋಟವಿತ್ತು, ತೋಟದಲ್ಲೊಂದು ಮನೆ. ನಡಿಗೆ ಮುಗಿದ ಮೇಲೆ ಯಾರದಾದರೂ ಮನೆಯಲ್ಲಿ ಚಾ, ನಾಷ್ಟಾ. ವಾರಕ್ಕೊಬ್ಬರ ಪಾಳಿ. ಅವಲಕ್ಕಿ, ಉಪ್ಪಿಟ್ಟು, ಕೆಲವೊಮ್ಮೆ ಬಿಸಿ ರೊಟ್ಟಿ ಮತ್ತು ಶೇಂಗಾ ಚಟ್ನಿ. ನಡೆದು ಕರಗಿಸಿದ್ದಕ್ಕಿಂತ ಹೆಚ್ಚು ತಿಂದು ಮನೆಗೆ ಹೋಗುತ್ತಿದ್ದೆವು.

ನಮ್ಮ ಕಡೆ ಅಡ್ಡಹೆಸರು ಕೇಳಿದರೆ ಜಾತಿ ತಿಳಿಯುತ್ತದೆ. ನನ್ನದು ಊರಿನ ಹೆಸರಿನಿಂದ ಬಂದದ್ದು, ಅಂಥ ಅಡ್ಡಹೆಸರು ಎಲ್ಲ ಜಾತಿಯಲ್ಲೂ ಇವೆ. ನಾವು ಊರ ಹೊರಗಿನ ಕೇರಿಯವರು. ಅಪ್ಪನ ಕಾಲದಲ್ಲೇ ಬೌದ್ಧರಾಗಿದ್ದೆವು. ನಾನು ಅದನ್ನು ಮುಚ್ಚಿಡಲಿಲ್ಲ, ಅವರು ಕೇಳಲೂ ಇಲ್ಲ. ಕೇಳದೆ ಇರುವುದನ್ನು ಅವರ ದೊಡ್ಡ ಗುಣ ಎಂದುಕೊಂಡೆ.

ಎರಡನೆಯ ತಿಂಗಳಿಗೆ ನಾನು ಓಡತೊಡಗಿದೆ. ತೋಟದ ವೈನಿಯವರ ಕಬ್ಬು ದಾಟಿದ ಮೇಲೆ ರಸ್ತೆ ನೆಟ್ಟಗಿತ್ತು, ಆ ಹೊತ್ತಿಗೆ ಯಾರ ಓಡಾಟವೂ ಇರುತ್ತಿರಲಿಲ್ಲ. ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿ ಮುಂದಿನ ಕಿಲೋಮೀಟರ್ ಕಲ್ಲಿನವರೆಗೆ ಓಡಿ ಬರುತ್ತಿದ್ದೆ. ನೋಡಿ ನೋಡಿ ಉಳಿದವರಿಗೂ ಆಸೆ ಬಂತು. ಉಸಿರು ಹೇಗೆ ಬಿಡಬೇಕು, ಕಾಲು ಹೇಗೆ ಊರಬೇಕು ಎಂದು ತೋರಿಸಿದೆ. ಡಾಕ್ಟರ್ ವೈನಿ ನನ್ನ ಕೈ ಹಿಡಿದುಕೊಂಡು ಒಂದು ಬೇವಿನ ಗಿಡದಿಂದ ಇನ್ನೊಂದು ಬೇವಿನ ಗಿಡದವರೆಗೆ ಓಡಿದರು. ನಿಂತು ಸುಧಾರಿಸಿಕೊಳ್ಳುವಾಗ ಅವರ ಕಣ್ಣಲ್ಲಿ ನೀರು ಬಂದಿತ್ತು. "ಹನ್ನೆರಡನೇ ವಯಸ್ಸಿಗೆ ಬಿಟ್ಟಿದ್ದೆ ನೋಡ್ರಿ ಓಡೂದು. ಹೆಣ್ಣಮಕ್ಕಳು ಓಡಬಾರದಂತ," ಎಂದರು. ಆ ದಿನ ಅವರ ಮೇಲೆ ನನಗೆ ಹುಟ್ಟಿದ ಪ್ರೀತಿ ಸುಳ್ಳಲ್ಲ. ಈಗಲೂ ಸುಳ್ಳು ಅನ್ನಲಾರೆ.

ಹೀಗೆ ಎಲ್ಲರ ಪಾಳಿ ಎರಡೆರಡು ಸಲ ಮುಗಿಯಿತು. ನನ್ನದು ಬಂದಿರಲಿಲ್ಲ. ಮನೆ ಸಣ್ಣದೆಂದು ನನಗೆ ತೊಂದರೆ ಕೊಡಬಾರದು ಅಂತ ಅವರು ಸುಮ್ಮನಿರಬೇಕು ಎಂದುಕೊಂಡು ನಾನೇ ಬಾಯಿಬಿಟ್ಟೆ. "ಬರೂ ರವಿವಾರ ನಮ್ಮ ಮನಿಗೆ ಬರ್ರಿ." ತೋಟದ ವೈನಿ ಸೆರಗು ಸರಿಮಾಡಿಕೊಂಡರು. ಆಮೇಲೆ ಡಾಕ್ಟರ್ ವೈನಿ, "ಬರೂಣಂತ," ಎಂದರು.

ಶನಿವಾರ ಮನೆ ಸಾರಿಸಿ, ಗಂಡನನ್ನು ರವೆ, ತುಪ್ಪ ತರಲು ಕಳಿಸುವಾಗ ಅವನು ಚೀಲ ಹಿಡಿದು ಬಾಗಿಲಲ್ಲಿ ನಿಂತ.

"ಅವರು ಬರತಾರ. ಆದ್ರ ಉಣ್ಣೂದಿಲ್ಲ," ಎಂದ.

"ನಿಮ್ಮ ಕಣ್ಣಿಗೆ ಎಲ್ಲಾರೂ ಹಂಗ ಕಾಣತಾರ," ಎಂದೆ. ಅವನು ಚೀಲ ಮಡಚಿ ಬಗಲಲ್ಲಿ ಇಟ್ಟುಕೊಂಡು ಪೇಟೆಗೆ ಹೋದ.

ರವಿವಾರ ನಡಿಗೆಯಿಂದ ನೇರ ನಮ್ಮ ಮನೆಗೆ ಬಂದರು. ಗೋಡೆಯ ಮೇಲಿದ್ದ ಬುದ್ಧನ ಫೋಟೋ ನೋಡಿದರು. ಚಾಪೆಯ ಅಂಚಿನಲ್ಲಿ ಕುಳಿತರು. ನಾನು ಶಿರಾ, ಅವಲಕ್ಕಿ ತಂದಿಟ್ಟೆ. ತೋಟದ ವೈನಿ, "ನಂದ ಇವತ್ತ ಉಪಾಸ ಐತಿ," ಎಂದರು. ಪಕ್ಕದವರಿಗೆ ಏಕಾದಶಿ. ಅವರ ತಲೆಯ ಮೇಲೆಯೇ ಕ್ಯಾಲೆಂಡರ್ ತೂಗುತ್ತಿತ್ತು, ಏಕಾದಶಿ ಆಗಿ ಮೂರು ದಿನವಾಗಿತ್ತು. ಒಬ್ಬರಿಗೆ ಪಿತ್ತ ಕೆರಳಿತ್ತು. ಡಾಕ್ಟರ್ ವೈನಿ ಚಾದ ಕಪ್ಪು ಕೈಗೆ ತೆಗೆದುಕೊಂಡರು. ಅದು ಆರುವವರೆಗೆ ಹಿಡಿದುಕೊಂಡೇ ಇದ್ದು, ಹಾಗೇ ಕೆಳಗಿಟ್ಟರು.

ನಾನು ತಾಟು ಹಿಡಿದು ನಿಂತಿದ್ದೆ. ಆಗ ನನ್ನ ಗಂಡ ಒಳಗಿನಿಂದ ಒಂದು ಚಿಪ್ಪು ಬಾಳೆಹಣ್ಣು ತಂದು ಅವರ ಮುಂದಿಟ್ಟ. "ಉಪಾಸಕ್ಕ ಹಣ್ಣ ನಡೀತೈತಲ್ರಿ?"

ಸಿಪ್ಪೆಯಿರುವ ಹಣ್ಣಿಗೆ ಮೈಲಿಗೆ ಇಲ್ಲ. ಎಲ್ಲರೂ ಕೈ ಚಾಚಿದರು. ಪಿತ್ತದವರೂ ತಿಂದರು. ಮನೆಯಲ್ಲಿ ಮಾತು, ನಗು ಶುರುವಾಯಿತು. ತೋಟದ ವೈನಿ ನನ್ನ ಗಂಡನಿಗೆ, "ಹಣ್ಣ ಭಾಳ ಸಿಹಿ ಅದಾವ್ರಿ," ಎಂದರು. ಅವನು ಶನಿವಾರವೇ ಅವನ್ನು ತಂದು ಬಾಗಿಲ ಹಿಂದೆ ಚೀಲದಲ್ಲಿ ಇಟ್ಟಿದ್ದ. ಅವರು ಹೋದ ಮೇಲೆ ನಾವಿಬ್ಬರೂ ಎದುರುಬದುರು ಕುಳಿತು ಶಿರಾ ತಿಂದೆವು. "ನಾ ಹೇಳಿದ್ನಲ್ಲ" ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು.

ಮುಂದಿನ ವಾರ ಡಾಕ್ಟರ್ ವೈನಿ ಎಲ್ಲರ ಎದುರು ಹೇಳಿದರು: "ಇನ್ನ ಮ್ಯಾಲೆ ಮನಿಮನಿ ನಾಷ್ಟಾ ಬ್ಯಾಡ್ರಿ. ತೂಕ ಇಳಿವಲ್ದು." ಎಲ್ಲರೂ ಹೌದೆಂದರು. ನಾನೂ ಹೌದೆಂದೆ.

ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ. ರವಿವಾರ ಬಂತೆಂದರೆ ಕಾಲು ತಾವೇ ಬೂಟು ಹುಡುಕುತ್ತಿದ್ದವು. ಆ ರಸ್ತೆಯ ಮೇಲೆ ಮಾತ್ರ ನಾನು ಯಾರ ಹೆಂಡತಿ, ಯಾವ ಕೇರಿಯವಳು ಎಂಬುದೆಲ್ಲ ಮರೆತು ಹೋಗುತ್ತಿತ್ತು. ನಾನು ಮರೆಯುತ್ತಿದ್ದೆ, ಅವರಲ್ಲ.

ಸ್ವಲ್ಪ ದಿನಕ್ಕೆ ಹೊಸ ರೂಢಿ ಶುರುವಾಯಿತು. ತೋಟದ ಹತ್ತಿರ ಬಂದಕೂಡಲೇ ತೋಟದ ವೈನಿ, "ನೀವು ಓಡ್ರಿ ಅಕ್ಕೋರ. ನಮ್ಮ ಸಲುವಾಗಿ ಯಾಕ ನಿಲ್ತೀರಿ? ಎರಡನೇ ಕಲ್ಲಿನ ಮಟಾ ಹೋಗಿ ಬರ್ರಿ," ಎನ್ನುವರು. ಎರಡನೆಯ ಕಲ್ಲಿನವರೆಗೆ ಓಡಿ ಬರುವಷ್ಟರಲ್ಲಿ ರಸ್ತೆಯ ಮೇಲೆ ಅವರಲ್ಲಿ ಒಬ್ಬರೂ ಇರುತ್ತಿರಲಿಲ್ಲ. ಎತ್ತಿನಗಾಡಿಗಳು ಕಬ್ಬು ಹೇರಿಕೊಂಡು ಹೋಗುತ್ತಿದ್ದವು. ನಾನು ಬೇವಿನ ಗಿಡದ ಕೆಳಗೆ ನಿಲ್ಲುತ್ತಿದ್ದೆ. ಸ್ವಲ್ಪ ಹೊತ್ತಿಗೆ ಐದಾರು ಜನ ತೋಟದ ದಾರಿಯಿಂದ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಬರುವರು. "ಹೂ ಹರೀಲಿಕ್ಕೆ ಹೋಗಿದ್ವಿ," ಎನ್ನುವರು. ಕೈಯಲ್ಲಿ ಹೂ ಇರುತ್ತಿರಲಿಲ್ಲ. ಮೊದಲ ವಾರ ನಂಬಿದೆ. ಎರಡನೆಯ ವಾರ ಒಗ್ಗರಣೆಯ ವಾಸನೆ ಬಂತು. ಆಮೇಲಿಂದ ಅವರು ಹೇಳುವ ಮೊದಲೇ ನಾನು ಓಡತೊಡಗಿದೆ. ಅವರ ನಾಷ್ಟಾ ಮುಗಿಯಲಿ ಎಂದು ಮೂರನೆಯ ಕಲ್ಲಿನವರೆಗೆ ಹೋಗುತ್ತಿದ್ದೆ. ಇದೇ ರೀತಿ ಏಳು ತಿಂಗಳು ನಡೆಯಿತು. ಗಂಡನಿಗೆ ಹೇಳಲಿಲ್ಲ.

ಆ ವರ್ಷ ಒಂದು ಮದುವೆಯಲ್ಲಿ ನರ್ಸ್ ಒಬ್ಬಳ ಪರಿಚಯವಾಯಿತು. ನಮ್ಮವರ ಹುಡುಗಿ, ಅಥಣಿ ಕಡೆಯವಳು, ಚಿಕ್ಕೋಡಿಯಲ್ಲಿ ಕೆಲಸಕ್ಕೆ ಸೇರಿ ತಿಂಗಳಾಗಿತ್ತು. ಊರಿನಲ್ಲಿ ಯಾರೂ ಗೊತ್ತಿರಲಿಲ್ಲ. ನಾನು ರವಿವಾರ ಓಡುತ್ತೇನೆಂದು ಯಾರೋ ಹೇಳಿದ್ದರು.

"ಅಕ್ಕಾ, ನಾನೂ ಬರ್ಲೇನ್ರಿ? ಒಬ್ಬಾಕಿನ ಖೋಲ್ಯಾಗ ಕುಂತ ಕುಂತ ಬ್ಯಾಸರ ಆಗತೈತಿ."

"ಅವರು ಹೊಸಬರನ್ನ ಸೇರಿಸಿಕೊಳ್ಳೂದಿಲ್ಲ ತಂಗಿ," ಎಂದೆ. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಇನ್ನೊಬ್ಬಳು ಬಂದರೆ ನನಗಿದ್ದ ಜಾಗವೂ ಹೋದೀತು ಎಂಬ ಹೆದರಿಕೆ ಒಂದು. ಬೇವಿನ ಗಿಡದ ಕೆಳಗೆ ನಾನು ಕಾಯುವುದನ್ನು ನಮ್ಮವಳೊಬ್ಬಳು ನೋಡುತ್ತಾಳಲ್ಲ ಎಂಬುದು ಇನ್ನೊಂದು.

ಅವಳು ನಂಬಿದಳು. ಆದರೆ ರಸ್ತೆ ಯಾರಪ್ಪನದೂ ಅಲ್ಲವಲ್ಲ. ಎರಡು ವಾರದ ಮೇಲೆ ರವಿವಾರ ಮುಂಜಾನೆ ಅವಳೊಬ್ಬಳೇ ಕರೋಶಿ ರಸ್ತೆಯಲ್ಲಿ ನಡೆದು ಎದುರಿಗೆ ಬಂದಳು. ದೂರದಿಂದಲೇ ನನ್ನನ್ನು ನೋಡಿ ಮುಖ ಅರಳಿಸಿ, "ಅಕ್ಕಾ, ಆರಾಮ?" ಎಂದಳು.

ನಾನು ಕೇಳದವಳಂತೆ ಬೂಟಿನ ದಾರ ಕಟ್ಟಲು ಬಗ್ಗಿದೆ.

"ಯಾರ್ರೀ ಅಕಿ?" ಎಂದು ಡಾಕ್ಟರ್ ವೈನಿ ಕೇಳಿದರು.

"ಗೊತ್ತಿಲ್ರಿ," ಎಂದೆ.

ಅವಳು ಆಗ ನಮ್ಮಿಂದ ನಾಲ್ಕು ಮಾರು ದೂರದಲ್ಲಿದ್ದಳು. ನಿಲ್ಲಲಿಲ್ಲ. ರಸ್ತೆಯ ಆ ಬದಿಗೆ ಸರಿದು, ಅದೇ ನಡಿಗೆಯಲ್ಲಿ ನಮ್ಮನ್ನು ದಾಟಿ ಊರ ಕಡೆ ಹೋದಳು. ಆ ದಿನ ನಾನು ಓಡಲಿಲ್ಲ. ತೋಟದ ವೈನಿ ಎರಡು ಸಲ "ಓಡ್ರಿ" ಎಂದರು. ನಾನು ಅವರ ಜೊತೆಗೇ ನಡೆದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಆ ದಿನ ನಾಷ್ಟಾ ಇಲ್ಲದೆ ಊರಿಗೆ ತಿರುಗಿದರು.

ಮತ್ತೆ ನಾನು ಹೋಗಲಿಲ್ಲ. ಮೊಣಕಾಲು ನೋವು ಎಂದು ಹೇಳಿ ಕಳಿಸಿದೆ. ತಿಂಗಳ ಮೇಲೆ ಡಾಕ್ಟರ್ ವೈನಿ ಶಾಲೆಯ ಹತ್ತಿರ ಸಿಕ್ಕು, "ನೀವಿಲ್ಲದ ಓಡೂದ ನಿಂತ ಹೋತ್ರಿ ಅಕ್ಕೋರ. ಯಜಮಾನ್ರ ಕಡೆ ಬರ್ರಿ, ಮೊಣಕಾಲಿಗೆ ಗುಳಿಗಿ ಕೊಡತಾರ," ಎಂದರು. ಮನಸ್ಸಿನಿಂದಲೇ ಹೇಳಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನ್ನಲ್ಲಿ ಬಲ ಉಳಿದಿರಲಿಲ್ಲ.

ನರ್ಸ್ ಕೆಲಸ ಮಾಡುತ್ತಿದ್ದಲ್ಲಿಗೆ ಒಂದು ಮಧ್ಯಾಹ್ನ ಹೋದೆ. ಅವಳು ಹೊರಗೆ ಬಂದು ಕಟ್ಟೆಯ ಮೇಲೆ ಕೂಡಿಸಿದಳು, ಚಾ ತರಿಸಿದಳು. "ಆವತ್ತ ನಾ..." ಎಂದಷ್ಟೇ ಅಂದೆ.

"ಕುಡೀರಿ, ಆರತೈತಿ," ಎಂದಳು. ನಾನು ಕಪ್ಪು ತುಟಿಗೆ ಹಚ್ಚಿದ ಮೇಲೆ, "ಗೊತ್ತಿಲ್ಲಂತ ಅವರು ಯಾರರ ಅಂದಿದ್ರ ನನಗ ಏನೂ ಅನಸ್ತಿದ್ದಿಲ್ರಿ. ಅದು ನನಗ ರೂಢಿ ಐತಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಮೊದಲು "ಅಕ್ಕಾ" ಎನ್ನುತ್ತಿದ್ದವಳು ಆ ದಿನ ಒಂದು ಸಲವೂ ಹಾಗೆ ಕರೆಯಲಿಲ್ಲ. ಒಳಗಿನಿಂದ ಯಾರೋ ಕೂಗಿದರು, ಎದ್ದು ಹೋದಳು. ಮುಂದಿನ ವರ್ಷ ಅವಳಿಗೆ ವರ್ಗವಾಯಿತು. ಎಲ್ಲಿಗೆಂದು ನಾನು ವಿಚಾರಿಸಲಿಲ್ಲ.

ನಾನು ರವಿವಾರ ಹೋಗುವುದನ್ನು ನಿಲ್ಲಿಸಿದಾಗ ಗಂಡ ಕಾರಣ ಕೇಳಲಿಲ್ಲ. ತನಗೆ ಗೊತ್ತಿದೆ ಎಂದುಕೊಂಡ. ಕಾಗವಾಡಕ್ಕೆ ನಮ್ಮ ಬೀಗರ ಮನೆಗೆ ಹೋದಾಗಲೆಲ್ಲ ಈ ಮಾತು ತೆಗೆಯುತ್ತಾನೆ. "ಮನ್ಯಾಗಿನ ಚಾ ಮುಟ್ಟದವರ ಸಂಗಾಟ ನಾ ಹೋಗೂದಿಲ್ಲಂತ ಬಿಟ್ಟಾಕಿ ಇಕಿ," ಎಂದು ನನ್ನ ಕಡೆ ಕೈ ತೋರಿಸುತ್ತಾನೆ. ಬೀಗರು ಹೆಮ್ಮೆಯಿಂದ ತಲೆಯಾಡಿಸುತ್ತಾರೆ, ಆ ಮನೆಯ ಮಕ್ಕಳು ನನ್ನ ಮುಖ ನೋಡುತ್ತಾರೆ. ನಾನು ಸುಮ್ಮನೆ ಕುಳಿತಿರುತ್ತೇನೆ.