ವಾಸಂತಿ ಪೂಜೆಗಿಟ್ಟ ಫ್ರೆಂಚ್ ಚಾಕು

ವಾಸಂತಿ ಬೆಂಗಳೂರಿನಲ್ಲಿ ತೋಟಗಾರಿಕೆ ಓದಿದವಳು. ಗಂಡ ಮೂರ್ತಿಯ ಜೊತೆ ಮೆಲ್ಬರ್ನಿಗೆ ಬಂದ ಮೇಲೆ, ಹದಿನೆಂಟು ವರ್ಷ ಆ ಓದನ್ನೆಲ್ಲ ಟ್ರುಗನಿನಾ ಬಡಾವಣೆಯ ಮನೆ ಹಿತ್ತಲಿನ ಕರಿಬೇವಿನ ಕುಂಡಕ್ಕೇ ಸುರಿದಳು. ನಲವತ್ತೇಳನೇ ವಯಸ್ಸಿಗೆ ಒಂದು ನರ್ಸರಿಯಲ್ಲಿ ಎರಡು ವಾರದ ಟ್ರಯಲ್ ಸಿಕ್ಕಿತು. ಒಪ್ಪಿಗೆಯಾದರೆ ಕಾಯಂ ಕೆಲಸ.

ಮಾಲೀಕ ಎಟಿಯೆನ್ ಫ್ರೆಂಚ್ ಮುದುಕ, ಮಹಾ ಮೌನಿ. ಬಾಯಿ ಬಿಡುತ್ತಿದ್ದುದು ತನ್ನ ಮಡಚುವ ಚಾಕುವಿನ ವಿಷಯಕ್ಕೆ ಮಾತ್ರ. ಫ್ರಾನ್ಸಿನ ಸವಾಯ್ ಬೆಟ್ಟಸೀಮೆಯಲ್ಲಿ 1890ರಲ್ಲಿ ಒಪಿನೆಲ್ ಎಂಬ ಕಮ್ಮಾರರ ಮನೆಯ ಹುಡುಗ ಇಂಥದ್ದನ್ನು ಮೊದಲು ಮಾಡಿದನಂತೆ. ಮರದ ಹಿಡಿ, ಉಕ್ಕಿನ ಅಲಗು, ರೈತರ ಜೇಬಿಗೆ ಹೇಳಿ ಮಾಡಿಸಿದ್ದು. ಅಲಗು ಬಿಗಿಯುವ ಉಂಗುರ ಬಂದದ್ದು 1955ರಲ್ಲಿ. ಎಟಿಯೆನ್‌ನದು ಅದಕ್ಕೂ ಹಳೆಯದು, ಅವನಪ್ಪನದು.

ಎಳೆಕುಡಿ ಕತ್ತರಿಸಿ ಕೈ ಪಳಗಲಿ ಎಂದು ಟ್ರಯಲ್ಲಿನ ಕೊನೆಯ ವಾರಾಂತ್ಯಕ್ಕೆ ಅದನ್ನೇ ಕೊಟ್ಟು ಕಳಿಸಿದ. ಆ ಶನಿವಾರವೇ ಆಯುಧ ಪೂಜೆ. ಕೈಗೆ ಬಂದ ಆಯುಧವನ್ನು ಬಿಡುವುದುಂಟೇ? ವಾಸಂತಿ ಚಾಕುವನ್ನು ನೀರಲ್ಲಿ ನೆನೆಸಿ, ತಿಕ್ಕಿ ತೊಳೆದು, ಲ್ಯಾಪ್‌ಟಾಪಿನ ಪಕ್ಕ ಕೂರಿಸಿ, ಕುಂಕುಮ ಹಚ್ಚಿದ ನಿಂಬೆಹೋಳನ್ನು ಅಲಗಿಗೇ ಆನಿಸಿಟ್ಟಳು. ಮರುದಿನ ನೋಡಿದರೆ ಅಲಗಿನ ತುಂಬ ಕಪ್ಪು ಮಚ್ಚೆ. ಗಾಬರಿಯಲ್ಲಿ ಒತ್ತಿ ಮಡಚಿದಳು. ನೆನೆದ ಮರದ ಹಿಡಿ ಊದಿಕೊಂಡು ಅಲಗು ಮತ್ತೆ ಬಿಚ್ಚಲಿಲ್ಲ. ಭಕ್ತಿ ಹೆಚ್ಚಾದರೆ ಹೀಗೇ.

ಅಂಥದ್ದೇ ಹಳೆಯದನ್ನು ಆನ್‌ಲೈನಲ್ಲಿ ಹುಡುಕಿ ತರಿಸೋಣ, ಅವನಿಗೇನು ಗೊತ್ತಾಗುತ್ತದೆ ಎಂದು ಮೂರ್ತಿ ಉಪಾಯ ಹೇಳಿದ.

“ಅವರಪ್ಪ ಹಿಡಿದು ಸವೆಸಿದ್ದು ಆನ್‌ಲೈನಲ್ಲಿ ಸಿಗತ್ತೇನ್ರೀ?” ಎಂದಳು ವಾಸಂತಿ.

ಸೋಮವಾರ ಕೆಲಸ ಹೋಯಿತೆಂದೇ ತಿಳಿದು, ಎಟಿಯೆನ್‌ನ ಮುಂದೆ ಚಾಕು ಇಟ್ಟು, ಪೂಜೆ, ನೀರು, ನಿಂಬೆ, ಕುಂಕುಮ ಎಲ್ಲವನ್ನೂ ಒಪ್ಪಿಕೊಂಡಳು. ನಾಚಿಕೆಯಿಂದ ಕಣ್ಣು ತುಂಬಿತ್ತು.

ಎಟಿಯೆನ್ ಹಿಡಿಯ ಹಿಂತುದಿಯನ್ನು ಮೇಜಿಗೆ ಟಪ್ಪೆಂದು ಕುಟ್ಟಿದ. ಅಲಗು ತಾನಾಗಿ ಹೊರಗೆ ಇಣುಕಿತು. ಸವಾಯ್ ರೈತರೆಲ್ಲ ಹೀಗೇ ತೆಗೆಯುತ್ತಿದ್ದರು, ಕಪ್ಪಾದ ಉಕ್ಕಿಗೆ ತುಕ್ಕೂ ಬೇಗ ಹತ್ತುವುದಿಲ್ಲ ಎಂದ. ಆಮೇಲೆ ಅಲಗನ್ನು ಅಂಗಿಗೆ ಒರೆಸುತ್ತ ಮೆಲ್ಲಗೆ ಹೇಳಿದ: “ಇಲ್ಲಿ ಕೆಲಸಕ್ಕೆ ಬಂದವರೆಲ್ಲ ಇದನ್ನ ಮಣ್ಣಲ್ಲೇ ಬಿಟ್ಟು ಹೋಗ್ತಿದ್ರು. ಕೈ ಮುಗಿದವರು ನೀವೊಬ್ಬರೇ.”

ಒಳಗಿನಿಂದ ಕಾಯಂ ಕೆಲಸದ ಅರ್ಜಿ ತಂದು ಅವಳ ಮುಂದಿಟ್ಟ. ‘ಉದ್ಯೋಗ’ ಎಂದಿದ್ದ ಜಾಗದಲ್ಲಿ ರೂಢಿಯಂತೆ ‘ಗೃಹಿಣಿ’ ಎಂದು ಬರೆಯತೊಡಗಿದ ವಾಸಂತಿ, ಅರ್ಧಕ್ಕೇ ನಿಲ್ಲಿಸಿ, ಅದನ್ನು ಹೊಡೆದುಹಾಕಿ, ‘ತೋಟಗಾರ್ತಿ’ ಎಂದು ಬರೆದಳು.